ಅಗಲ ರಸ್ತೆ ಬಿಟ್ಟು ಸೈಕಲ್ ಹಿಂದೆ ಹೋದೆ: ತುಮಕೂರಿನ ಸೈಕಲ್ ಜಾಲದ ಕೆಲಸದಲ್ಲಿ ನನ್ನ ಅನುಭವ

ಬೆಳಗ್ಗೆ ಆರೂಕಾಲು. ಬಟವಾಡಿ ಹತ್ತಿರ, ಕ್ಯಾತ್ಸಂದ್ರದ ಕಡೆಯಿಂದ ಬರುತ್ತಿದ್ದ ಹಾಲಿನವರೊಬ್ಬರನ್ನು ನಿಲ್ಲಿಸಿ, ಅವರ ಸೈಕಲ್ಲಿನ ಅಗಲವನ್ನು ಟೇಪು ಹಿಡಿದು ಅಳೆದೆ. ಕ್ಯಾರಿಯರ್‌ನ ಎರಡೂ ಬದಿಗೆ ಒಂದೊಂದು ಕ್ಯಾನು ಇಳಿಬಿದ್ದಿತ್ತು. ಈ ಕ್ಯಾನಿನ ಹೊರ ಅಂಚಿನಿಂದ ಆ ಕ್ಯಾನಿನ ಹೊರ ಅಂಚಿಗೆ 1 ಮೀಟರ್ 5 ಸೆಂಟಿಮೀಟರ್. "ಯಾಕೆ ಸ್ವಾಮಿ, ಇದಕ್ಕೂ ಫೈನ್ ಹಾಕ್ತೀರಾ?" ಅಂದರು. "ಇಲ್ಲಣ್ಣ, ನಿಮ್ಮ ಗಾಡಿ ಹೋಗೋಕೆ ಎಷ್ಟು ಜಾಗ ಬೇಕು ಅಂತ ನೋಡ್ತಿದ್ದೀನಿ" ಅಂದೆ. ಅವರು ಟೇಪನ್ನೂ ನನ್ನನ್ನೂ ಒಂದು ಸಲ ನೋಡಿ, "ಅಳೆಯೋದಾದ್ರೆ ವಾಪಸ್ ಬರೋವಾಗ ಅಳೀರಿ, ಬೂಸಾ ಮೂಟೆ ಇರ್ತದೆ" ಅಂತ ಹೇಳಿ ತುಳಿದುಕೊಂಡು ಹೋದರು.

ಹಿಂದಿನ ರಾತ್ರಿಯಷ್ಟೇ ನಾವು ಮುಗಿಸಿದ್ದ ನಕ್ಷೆಯಲ್ಲಿ ಸೈಕಲ್ ಪಥದ ಬಾಯಿಗೆ 90 ಸೆಂಟಿಮೀಟರ್ ಅಂತರಕ್ಕೆ ಗೂಟಗಳನ್ನು ನೆಟ್ಟಿದ್ದೆವು. ಬೈಕು, ಸ್ಕೂಟರ್ ಒಳಗೆ ನುಗ್ಗಬಾರದು ಅನ್ನುವುದು ಉದ್ದೇಶ. ಅಲ್ಲೇ ರಸ್ತೆ ಬದಿ ನಿಂತಿದ್ದ ಸ್ಕೂಟರ್ ಒಂದರ ಹ್ಯಾಂಡಲ್ ಅಳೆದೆ. 90ಕ್ಕಿಂತ ಸಾಕಷ್ಟು ಕಡಿಮೆ. ಅಂದರೆ ತಡೆಯಬೇಕು ಅಂದುಕೊಂಡವರೆಲ್ಲ ಸಲೀಸಾಗಿ ಒಳಗೆ ಬರುತ್ತಾರೆ, ಯಾರಿಗಾಗಿ ಪಥ ಮಾಡುತ್ತಿದ್ದೇವೋ ಆ ಹಾಲಿನವರು ಹೊರಗೇ ಉಳಿಯುತ್ತಾರೆ. ಗಾಲಿಕುರ್ಚಿಯಲ್ಲಿ ಬರುವವರ ಪಾಡೂ ಕಷ್ಟ. ಅವತ್ತೇ ನಕ್ಷೆ ಬಿಚ್ಚಿ ಎಲ್ಲ ಗೂಟಗಳನ್ನೂ ಒಂದೂವರೆ ಮೀಟರ್ ಅಂತರಕ್ಕೆ ಸರಿಸಿದೆವು. ಬೈಕುಗಳನ್ನು ತಡೆಯೋದು ಗೂಟದ ಕೈಲಾಗುವ ಕೆಲಸವಲ್ಲ ಅಂತ ಒಪ್ಪಿಕೊಂಡು, ಅದಕ್ಕೆ ಬೇರೆ ದಾರಿ ಹುಡುಕಿದೆವು.

ನಾನು ರಸ್ತೆ ವಿನ್ಯಾಸದ ಕೆಲಸ ಮಾಡುವ ಸಿವಿಲ್ ಇಂಜಿನಿಯರ್. ಇಡೀ ತುಮಕೂರಿಗೆ ಸೈಕಲ್ ದಾರಿಗಳ ಕರಡು ಯೋಜನೆ ಬರೆಯುವ ಕೆಲಸ ಬಂದಾಗ ನಾವು ಮೂರು ಜನ ಕೂತೆವು: ನಾನು, ಡ್ರಾಯಿಂಗ್ ಮಾಡುವ ಗೆಳೆಯ, ಭೂಗೋಳ ಪಾಠ ಮಾಡುವ ಮೇಡಂ ಒಬ್ಬರು. ಮೊದಲ ವಾರ ನಾವು ಮಾಡಿದ್ದು ತಪ್ಪು ಕೆಲಸ. ನಗರದ ನಕ್ಷೆ ಹರಡಿಕೊಂಡು ಯಾವ ರಸ್ತೆ ಅಗಲವಾಗಿದೆ ಅಂತ ನೋಡಿ, ಅಲ್ಲೆಲ್ಲ ಹಸಿರು ಗೆರೆ ಎಳೆದೆವು. ಬಿ.ಎಚ್. ರಸ್ತೆಗೆ ಒಂದು, ರಿಂಗ್ ರಸ್ತೆಗೆ ಒಂದು, ಅಮಾನಿಕೆರೆ ಸುತ್ತ ಚಂದದ್ದೊಂದು ಉಂಗುರ. ನೋಡಲು ಬಹಳ ಚೆನ್ನಾಗಿತ್ತು. ಆದರೆ ಮರಳೂರಿನ ಹುಡುಗಿಯೊಬ್ಬಳು ಊರೊಳಗಿನ ಶಾಲೆಗೆ ಹೋಗಬೇಕಾದರೆ ಆ ಹಸಿರು ಗೆರೆಗಳಲ್ಲಿ ಎಷ್ಟು ದೂರ ಹೋಗಬಹುದು ಅಂತ ಮೇಡಂ ಬೆರಳಿಟ್ಟು ತೋರಿಸಲು ಹೋದರು. ಬೆರಳು ಮೂರು ಕಡೆ ಗೆರೆ ಬಿಟ್ಟು ಎದ್ದಿತು.

ಒಂದೇ ಒಳ್ಳೆಯ ದಾರಿ ಮಾಡಿದರೆ ಸಾಲದು ಅನ್ನುವ ಪಾಠವನ್ನು ನೆದರ್‌ಲ್ಯಾಂಡ್ಸ್‌ನವರು ಐವತ್ತು ವರ್ಷದ ಹಿಂದೆಯೇ ಕಲಿತಿದ್ದಾರೆ. 1970ರ ದಶಕದಲ್ಲಿ ಹೇಗ್, ಟಿಲ್‌ಬರ್ಗ್ ನಗರಗಳಲ್ಲಿ ಸರ್ಕಾರವೇ ದುಡ್ಡು ಹಾಕಿ ಒಂದೊಂದು ಮಾದರಿ ಸೈಕಲ್ ಮಾರ್ಗ ಮಾಡಿಸಿತು. ಆ ಮಾರ್ಗದಲ್ಲಿ ಓಡಾಟ ಹೆಚ್ಚಿತು, ಆದರೆ ಊರಿನಲ್ಲಿ ಒಟ್ಟು ಸೈಕಲ್ ಬಳಕೆ ಅಷ್ಟಾಗಿ ಮೇಲೇರಲಿಲ್ಲ. ಆಮೇಲೆ 1980ರ ದಶಕದಲ್ಲಿ ಡೆಲ್ಫ್ಟ್ ಎಂಬ ಊರಿನಲ್ಲಿ ಬೇರೆ ರೀತಿ ಮಾಡಿದರು. ಊರಿಡೀ ಹಾಯುವ ಮುಖ್ಯ ದಾರಿಗಳು ಸುಮಾರು ಅರ್ಧ ಕಿಲೋಮೀಟರಿಗೊಂದು, ಬಡಾವಣೆಗಳ ನಡುವಿನವು 200–300 ಮೀಟರಿಗೊಂದು, ಮನೆ ಹತ್ತಿರದ ಚಿಕ್ಕವು ಇನ್ನೂ ದಟ್ಟವಾಗಿ. ಹೊಸದಾಗಿ ಕಟ್ಟಿದ್ದಕ್ಕಿಂತ ಬಿಟ್ಟುಹೋಗಿದ್ದ ಕೊಂಡಿಗಳನ್ನು ಜೋಡಿಸಿದ್ದೇ ಅಲ್ಲಿ ಮುಖ್ಯ ಕೆಲಸ: ಇಲ್ಲೊಂದು ಚಿಕ್ಕ ಸೇತುವೆ, ಅಲ್ಲೊಂದು ಸುರಂಗ ದಾರಿ. ಇದನ್ನು ಓದಿದ ಮೇಲೆ ನಮ್ಮ ಹಸಿರು ಗೆರೆಗಳನ್ನೆಲ್ಲ ಅಳಿಸಿದೆವು. ತುಮಕೂರಿನಲ್ಲಿ ಈಗ ಸೈಕಲ್ ತುಳಿಯುವವರು ಯಾರು, ಎಲ್ಲಿ ಹೋಗುತ್ತಾರೆ, ಎಲ್ಲಿ ಇಳಿದು ತಳ್ಳುತ್ತಾರೆ ಅಂತ ನೋಡುವುದೇ ಮೊದಲ ಕೆಲಸ ಅಂತ ತೀರ್ಮಾನಿಸಿದೆವು.

ಎಣಿಸಲು ನಿಂತೆವು. ಶಿರಾ ಗೇಟ್, ಗುಬ್ಬಿ ಗೇಟ್, ಕುಣಿಗಲ್ ರಸ್ತೆ, ಟೌನ್‌ಹಾಲ್ ವೃತ್ತ, ಅಂತರಸನಹಳ್ಳಿ ಮಾರುಕಟ್ಟೆಯ ಮುಂದೆ. ಇಲ್ಲೊಂದು ಮಾತು. ಸಾಮಾನ್ಯವಾಗಿ ಟ್ರಾಫಿಕ್ ಎಣಿಕೆ ಬೆಳಗ್ಗೆ ಎಂಟು ಗಂಟೆಯ ಮೇಲೆ ಶುರುವಾಗುತ್ತದೆ. ಸೈಕಲ್ಲಿನವರ ಓಡಾಟ ಅಷ್ಟು ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಪೇಪರ್ ಹುಡುಗರು ಐದಕ್ಕೆ, ಹಾಲಿನವರು ಆರಕ್ಕೆ, ತರಕಾರಿ ಎತ್ತುವ ಹಮಾಲಿಗಳು ಅದಕ್ಕೂ ಮುಂಚೆ, ಹೂವಿನವರು ಬುಟ್ಟಿ ಕಟ್ಟಿಕೊಂಡು ಆರೂವರೆಗೆ. ಎಂಟಕ್ಕೆ ನಿಂತವರ ಕಣ್ಣಿಗೆ ಬೀಳುವುದು ಶಾಲಾ ಮಕ್ಕಳು ಮಾತ್ರ. "ಈಗ ಯಾರ್ರೀ ಸೈಕಲ್ ತುಳೀತಾರೆ" ಅನ್ನುವ ಮಾತು ಎಲ್ಲ ಸಭೆಗಳಲ್ಲೂ ಕೇಳಿಬರುವುದು ಇದೇ ಕಾರಣಕ್ಕೆ.

ಎರಡನೆಯದಾಗಿ ನಾವು ಗಮನಿಸಿದ್ದು ರಾಂಗ್ ಸೈಡ್. ಡಿವೈಡರ್ ಉದ್ದಕ್ಕೆ ಮುಚ್ಚಿರುವ ಕಡೆ, ಎದುರು ಬದಿಗೆ ಹೋಗಲು ಮುಂದಿನ ತಿರುವಿನವರೆಗೆ ಹೋಗಿ ಬಳಸಿ ಬರಬೇಕು. ಕಾರಿಗೆ ಅದು ಎರಡು ನಿಮಿಷ. ಮೂಟೆ ಹೊತ್ತ ಸೈಕಲ್ಲಿಗೆ ಹತ್ತು ನಿಮಿಷದ ಬೆವರು. ಹಾಗಾಗಿ ಅವರು ಬದಿಗೆ ಅಂಟಿಕೊಂಡು ಎದುರಾಗಿ ಬರುತ್ತಾರೆ. ನನಗೂ ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಯೋಚಿಸಿದೆ: ದಿನಾ ಅಷ್ಟು ಜನ ಜೀವ ಕೈಯಲ್ಲಿ ಹಿಡಿದು ಒಂದೇ ಜಾಗದಲ್ಲಿ ರಾಂಗ್ ಸೈಡ್ ಬರುತ್ತಿದ್ದಾರೆ ಅಂದರೆ ಅಲ್ಲಿ ದಾರಿ ಬೇಕಾಗಿದೆ, ನಾವು ಕೊಟ್ಟಿಲ್ಲ. ರಾಂಗ್ ಸೈಡ್ ಕಂಡ ಪ್ರತಿ ತುಂಡನ್ನೂ ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ಗುರುತಿಸಿ, ಅಲ್ಲಿ ಎರಡೂ ಕಡೆಗೆ ಓಡಾಡಬಹುದಾದ ಮೂರು ಮೀಟರ್ ಪಥ ಕೂರುತ್ತದೆಯಾ ಅಂತ ನೋಡಿದೆವು. ಹೆಚ್ಚಿನ ಕಡೆ ಕೂತಿತು, ಸರ್ವೀಸ್ ರಸ್ತೆಯಲ್ಲಿ ನಿಂತ ಕಾರುಗಳನ್ನು ಒಂದು ಬದಿಗೆ ಮಾತ್ರ ನಿಲ್ಲಿಸುವಂತೆ ಮಾಡಿದರೆ. ಒಂದೇ ದಿಕ್ಕಿನ ಪಥಕ್ಕೆ ಎರಡು ಮೀಟರ್ ಇಟ್ಟುಕೊಂಡೆವು. ಅದಕ್ಕಿಂತ ಕಡಿಮೆಯಾದರೆ ನಿಧಾನ ಹೋಗುವವರನ್ನು ದಾಟಲು ಆಗುವುದಿಲ್ಲ, ಹಾಲಿನವರ ಪಕ್ಕದಲ್ಲಿ ಮಗು ಹೋಗಲು ಆಗುವುದಿಲ್ಲ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಸೈಕಲ್ ಪಥಗಳಿಗೆಂದೇ 1962ರಲ್ಲಿ ತಂದ ಮಾರ್ಗಸೂಚಿಯನ್ನು 2015ರಲ್ಲಿ ಪರಿಷ್ಕರಿಸಿದೆ. ಈ ಕೆಲಸಕ್ಕೆ ಇಳಿಯುವವರು ಮೊದಲು ಅದನ್ನು ಓದಿಕೊಳ್ಳಬೇಕು.

ಶಾಲೆಗಳಿಗೆ ಹೋಗಿದ್ದು ಮೇಡಂ ಅವರ ಒತ್ತಾಯದಿಂದ. 2006–07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಾ ಬಂದಿತ್ತಲ್ಲ, ಆ ಸೈಕಲ್ಲುಗಳಲ್ಲಿ ಓಡಾಡಿ ಓದಿದ ಹುಡುಗಿಯರು ಈಗ ತಾಯಂದಿರಾಗಿದ್ದಾರೆ. ಅಕ್ಕನ ಸೈಕಲ್ಲು ತಂಗಿಗೆ ಬಂದಿರುವ ಮನೆಗಳು ಈಗಲೂ ಇವೆ. ತರಗತಿಯಲ್ಲಿ ಬಿಳಿ ಹಾಳೆ ಕೊಟ್ಟು, ಮನೆಯಿಂದ ಶಾಲೆಗೆ ಬರುವ ದಾರಿ ಬರೆಯಿರಿ ಅಂದೆವು. ಒಂದು ಹುಡುಗಿಯ ಹಾಳೆಯಲ್ಲಿ ದಾರಿ ನೇರ ಬಂದು, ಒಂದು ಕಡೆ ದೊಡ್ಡದಾಗಿ ಸುತ್ತು ಹಾಕಿ, ಮತ್ತೆ ಅದೇ ರಸ್ತೆಗೆ ಸೇರಿತ್ತು. ಯಾಕಮ್ಮ ಇಲ್ಲಿ ಸುತ್ತಿದ್ದೀಯ ಅಂದರೆ, "ಅಲ್ಲಿ ಬಾರ್ ಐತೆ ಸಾರ್. ಬೆಳಗ್ಗೆ ಪರವಾಗಿಲ್ಲ, ಸಾಯಂಕಾಲ ಆ ಕಡೆ ಹೋಗಲ್ಲ ನಾವು" ಅಂದಳು. ಪಕ್ಕದವಳು, "ಅಲ್ಲಿ ಲೈಟೂ ಇಲ್ಲ ಸಾರ್" ಅಂತ ಸೇರಿಸಿದಳು. ನಮ್ಮ ಅಷ್ಟೂ ದಿನದ ಎಣಿಕೆಯಲ್ಲಿ ಇದು ಸಿಕ್ಕಿರಲಿಲ್ಲ. ಬರದೇ ಇರುವವರು ಎಣಿಕೆಗೆ ಸಿಗುವುದಿಲ್ಲ. ಅವತ್ತಿನಿಂದ ಪ್ರತಿ ಮಾರ್ಗಕ್ಕೂ ಎರಡು ನಕ್ಷೆ ಮಾಡಿದೆವು: ಹಗಲಿನದೊಂದು, ಸಂಜೆ ಏಳರದೊಂದು. ಅಮಾನಿಕೆರೆಯ ಉಂಗುರ ಜಾಲದಿಂದ ಹೊರಬಿದ್ದದ್ದು ಹೀಗೆಯೇ. ಉದ್ಯಾನದ ಬಾಗಿಲು ಮುಚ್ಚಿದ ಮೇಲೆ ಅದು ದಾರಿಯಲ್ಲ. ಭಾನುವಾರ ಮಕ್ಕಳು ಸೈಕಲ್ ಕಲಿಯಲು ಅದು ಇರಲಿ, ಕೆಲಸಕ್ಕೆ ಹೋಗುವವರ ದಾರಿಯ ಲೆಕ್ಕಕ್ಕೆ ಅದನ್ನು ಸೇರಿಸಬಾರದು.

ಊರೊಳಗಿನ ಹಳೆ ಪೇಟೆಗಳಲ್ಲಿ, ಅಂದರೆ ಮಂಡಿಪೇಟೆ, ಚಿಕ್ಕಪೇಟೆ ಕಡೆ, ಪ್ರತ್ಯೇಕ ಪಥ ಹಾಕುವ ಯೋಚನೆಯನ್ನೇ ಬಿಟ್ಟೆವು. ಜಾಗವಿಲ್ಲ, ಬೇಕಾಗಿಯೂ ಇಲ್ಲ. ವಾಹನದ ವೇಗ ಗಂಟೆಗೆ 30 ಕಿಲೋಮೀಟರ್ ದಾಟದಂತೆ ನೋಡಿಕೊಂಡರೆ ಅಲ್ಲಿ ಸೈಕಲ್ಲು ಎಲ್ಲರ ಜೊತೆಯೇ ಹೋಗಬಹುದು. 30ರಲ್ಲಿ ಗುದ್ದಿದರೆ ಬದುಕುವ ಸಾಧ್ಯತೆ ಬಹಳ, 50ರಲ್ಲಿ ಗುದ್ದಿದರೆ ಆ ಮಾತು ಹೇಳಲಾಗದು. ದೊಡ್ಡ ರಸ್ತೆಗಳಲ್ಲಿ ಬೇರ್ಪಡಿಸು, ಚಿಕ್ಕ ರಸ್ತೆಗಳಲ್ಲಿ ವೇಗ ತಗ್ಗಿಸು: ಇಷ್ಟನ್ನು ಗಟ್ಟಿ ಹಿಡಿದುಕೊಂಡೆವು. ಗಲ್ಲಿಗಳಲ್ಲಿ ಹಂಪ್ಸ್ ಹಾಕಿಸುವಾಗ ಮಾತ್ರ ಚೂಪಾದವು ಬೇಡ, ಉದ್ದಕ್ಕೆ ಏರಿ ಇಳಿಯುವಂಥವು ಬೇಕು ಅಂತ ಬರೆದೆವು. ಚೂಪು ಹಂಪ್ಸ್ ಮೇಲೆ ಹೂವಿನ ಬುಟ್ಟಿ ಹಾರಿ ಬಿದ್ದಿದ್ದನ್ನು ನಾನೇ ನೋಡಿದ್ದೇನೆ.

ಅಂಗಡಿಯವರ ಜೊತೆ ಕೂತ ಸಭೆ ಕಷ್ಟದ್ದಾಗಿತ್ತು. ದಿನಸಿ ಅಂಗಡಿಯ ಹಿರಿಯರೊಬ್ಬರು ಎದ್ದು, "ಅಲ್ಲಾ ಸ್ವಾಮಿ, ಮುಂದೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಅಂದ್ರೆ ಗಿರಾಕಿ ಬರ್ತಾನಾ?" ಅಂದರು. ನ್ಯಾಯವಾದ ಪ್ರಶ್ನೆ. ನಾವು ಭಾಷಣ ಮಾಡಲಿಲ್ಲ. ಅವರ ಅಂಗಡಿ ಮುಂದೆಯೇ ಸೀಮೆಸುಣ್ಣದಲ್ಲಿ ಒಂದು ಕಾರಿನ ಜಾಗ ಗುರುತಿಸಿ, ಅದರೊಳಗೆ ಸುತ್ತಮುತ್ತಲಿನ ಸೈಕಲ್ಲುಗಳನ್ನು ತಂದು ಸಾಲಾಗಿ ನಿಲ್ಲಿಸಿದೆವು. ಹತ್ತು ಹಿಡಿದವು. ಅವರು ಒಂದೊಂದಾಗಿ ಎಣಿಸಿದರು. ಒಪ್ಪಿದೆ ಅನ್ನಲಿಲ್ಲ, ಆದರೆ ತಮ್ಮ ಅಂಗಡಿಯ ಪಕ್ಕದ ಮೂಲೆಯಲ್ಲಿ ಸ್ಟ್ಯಾಂಡ್ ಹಾಕಲು ಜಾಗ ತೋರಿಸಿದರು.

ದಾರಿಗಿಂತ ಸೌಕರ್ಯ ಮುಖ್ಯವಾಗುವ ಜಾಗಗಳಿವೆ. ರೈಲು ನಿಲ್ದಾಣ ಅಂಥದ್ದು. ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುವವರು ನಮ್ಮೂರಲ್ಲಿ ಬಹಳ. ಮನೆಯಿಂದ ನಿಲ್ದಾಣಕ್ಕೆ ಮೂರು ಕಿಲೋಮೀಟರ್ ಅಂದರೆ ಸೈಕಲ್ಲಿನಲ್ಲಿ ಹದಿನೈದು ನಿಮಿಷ. ಆದರೆ ಬೆಳಗ್ಗೆ ಬಿಟ್ಟ ಸೈಕಲ್ಲು ರಾತ್ರಿ ಅಲ್ಲೇ ಇರುತ್ತದೆ ಅನ್ನುವ ನಂಬಿಕೆ ಬೇಕು. ನೆರಳು, ದೀಪ, ಚೌಕಟ್ಟಿಗೂ ಚಕ್ರಕ್ಕೂ ಸೇರಿಸಿ ಬೀಗ ಹಾಕುವಂಥ ಕಂಬಿ, ಕಾಯುವ ಮನುಷ್ಯ, ಪಕ್ಕದಲ್ಲೇ ಗಾಳಿ ಹೊಡೆದು ಪಂಚರ್ ಹಾಕುವವರಿಗೆ ಕೂರಲು ಜಾಗ: ಇದಿಷ್ಟೂ ಒಟ್ಟಿಗೆ ಬರಬೇಕು. ಮುಂದಿನ ಚಕ್ರವನ್ನು ಮಾತ್ರ ಸಿಕ್ಕಿಸುವ ಸ್ಟ್ಯಾಂಡ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ರಿಮ್ಮು ಸೊಟ್ಟಗಾಗುತ್ತದೆ, ಕಳ್ಳನಿಗೂ ಸುಲಭ. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಥರ ಬಾಡಿಗೆ ಸೈಕಲ್ ಇಲ್ಲಿಗೂ ತರೋಣ ಅಂತ ಹಲವರು ಕೇಳಿದರು. ಒಳ್ಳೆಯದೇ. ಆದರೆ ಸ್ವಂತ ಸೈಕಲ್ ಇರುವವರೇ ಹೆದರಿಕೊಂಡು ಓಡಾಡುವ ರಸ್ತೆಗೆ ಬಾಡಿಗೆ ಸೈಕಲ್ ಬಿಟ್ಟು ಏನು ಪ್ರಯೋಜನ? ಮೊದಲು ದಾರಿ.

ಬಿಸಿಲಿನ ಮಾತೂ ಬಂತು. ಸ್ಪೇನಿನ ಸೆವಿಲ್ ನಗರದಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿ 2006ರಿಂದ ನಾಲ್ಕೈದು ವರ್ಷದಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಪಥವನ್ನು ಒಂದಕ್ಕೊಂದು ಜೋಡಿಸಿಯೇ ಕಟ್ಟಿದರು, ಜನ ತುಳಿದರು. ತುಮಕೂರಿನ ಬೇಸಿಗೆ ಅಷ್ಟು ಕ್ರೂರವಲ್ಲ. ಆದರೂ ಹೊಂಗೆ, ನೇರಳೆ ಇರುವ ಬದಿಗೇ ಪಥ ಬರಲಿ, ರಸ್ತೆ ಅಗಲ ಮಾಡುವ ನೆಪದಲ್ಲಿ ಆ ಮರಗಳಿಗೆ ಕೈ ಹಾಕಬಾರದು ಅಂತ ಪ್ರತಿ ಹಾಳೆಯಲ್ಲೂ ಬರೆದಿದ್ದೇವೆ.

ಕೈಗೆ ತಕ್ಷಣ ಸಿಕ್ಕಿದ ಕೆಲಸ ಅಂದರೆ ಚರಂಡಿ ಜಾಲರಿಗಳದು. ರಸ್ತೆಯ ಅಂಚಿನಲ್ಲಿ ಮಳೆನೀರು ಇಳಿಯಲು ಹಾಕಿರುವ ಕಬ್ಬಿಣದ ಜಾಲರಿಯ ಪಟ್ಟಿಗಳು ಎಷ್ಟೋ ಕಡೆ ರಸ್ತೆಯ ಉದ್ದಕ್ಕೇ ಇವೆ. ಹಳೆ ಕಪ್ಪು ಸೈಕಲ್ಲಿನ ಟೈರು ಒಂದೂವರೆ ಇಂಚು. ಪಟ್ಟಿಗಳ ನಡುವಿನ ಸಂದು ಅದಕ್ಕಿಂತ ಅಗಲ. ಚಕ್ರ ಇಳಿದರೆ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ನನ್ನ ಗೆಳೆಯನ ಮೊಣಕೈ ಮುರಿದದ್ದು ಹೀಗೆ, ಇದೇ ಸರ್ವೇ ಮಾಡುತ್ತಿದ್ದಾಗ. ಚೌಕಾಕಾರದ ಜಾಲರಿಯಾದರೆ ಎತ್ತಿ ಅಡ್ಡ ತಿರುಗಿಸಿ ಇಟ್ಟರೆ ಮುಗಿಯಿತು, ದುಡ್ಡೇ ಬೇಡ. ಆಯತದ್ದಾದರೆ ಮೇಲೆ ನಾಲ್ಕು ಅಡ್ಡಪಟ್ಟಿ ಬೆಸುಗೆ ಹಾಕಬೇಕು. ಒಂದು ಬಡಾವಣೆಯಲ್ಲಿ ಅಲ್ಲಿನ ನಿವಾಸಿಗಳೇ ಬೆಸುಗೆಯವರನ್ನು ಕರೆಸಿ ಒಂದು ಭಾನುವಾರ ಇದನ್ನು ಮಾಡಿ ಮುಗಿಸಿದರು. ನಮ್ಮ ಯೋಜನೆಯಲ್ಲಿ ಈವರೆಗೆ ನೆಲದ ಮೇಲೆ ಪೂರ್ತಿಯಾದ ಕೆಲಸ ಅದು. ಗೆಳೆಯ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ನಿಂತಿದ್ದ.

ಉಳಿದ ಕೊಂಡಿಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ರೈಲು ಹಳಿ. ಊರನ್ನು ಹಳಿ ಎರಡು ಮಾಡಿದೆ. ಮೇಲ್ಸೇತುವೆಯ ದಿಣ್ಣೆಯನ್ನು ಸೈಕಲ್ಲಿನವರು ಇಳಿದು ತಳ್ಳಿಯೇ ಹತ್ತಬೇಕು, ಕೆಳಸೇತುವೆಯಲ್ಲಿ ಜೋರು ಮಳೆ ಬಂದರೆ ನೀರು ನಿಲ್ಲುತ್ತದೆ. ಅಂಥ ಒಂದು ಕೆಳಸೇತುವೆಗೆ ನಾವು ಮಾಡಿದ ಲೆಕ್ಕ ಹೀಗೆ. ಬಸ್ಸಿಗೆ, ಲಾರಿಗೆ ತಲೆ ಮೇಲೆ ಬೇಕಾದಷ್ಟು ಎತ್ತರ ಸೈಕಲ್ಲಿಗೆ ಬೇಡ, ಎರಡೂವರೆ ಮೀಟರ್ ಸಾಕು. ಹಾಗಾದರೆ ಸೈಕಲ್ಲಿನವರು ವಾಹನದಷ್ಟು ಕೆಳಗೆ ಇಳಿಯಲೇಬೇಕಾಗಿಲ್ಲ. ಒಂದು ಬದಿಗೆ ಜಗಲಿಯಂತೆ ಎತ್ತರಿಸಿದ ಪಥ ಕೊಟ್ಟರೆ ಇಳಿಜಾರು ಕಡಿಮೆ, ಹತ್ತುವಾಗ ದಮ್ಮು ಉಳಿಯುತ್ತದೆ, ನೀರು ನಿಂತರೂ ಕಾಲು ಒದ್ದೆಯಾಗುವುದಿಲ್ಲ.

ಎಷ್ಟು ಎತ್ತರ ಅನ್ನುವುದಕ್ಕೆ ಗೋಡೆಯೇ ಉತ್ತರ ಇಟ್ಟುಕೊಂಡಿತ್ತು. ನೀರು ಇಳಿದ ಮೇಲೆ ಒಣಗಿದ ಕೆಸರು ಉದ್ದಕ್ಕೂ ಒಂದು ಗೆರೆ ಬಿಟ್ಟಿರುತ್ತದೆ. ಮೇಡಂ ಟಾರ್ಚ್ ಹಿಡಿದರು, ನಾನು ರಸ್ತೆ ಮಟ್ಟದಿಂದ ಆ ಗೆರೆಯವರೆಗೆ ಆರು ಕಡೆ ಅಳೆದೆ. ಎಲ್ಲಕ್ಕಿಂತ ಮೇಲಿದ್ದ ಗುರುತಿಗಿಂತ ಒಂದು ಅಡಿ ಮೇಲೆ ಸೈಕಲ್ ಪಥದ ಮಟ್ಟ ಬರೆದು ಡ್ರಾಯಿಂಗ್ ಕೊಟ್ಟಿದ್ದೇವೆ. ಹಿಂಗಾರು ಮುಗಿದ ಮೇಲೆ ಇನ್ನೊಮ್ಮೆ ಟಾರ್ಚ್, ಟೇಪು ತೆಗೆದುಕೊಂಡು ಹೋಗಿ, ಗೆರೆ ಮೇಲೇರಿದೆಯಾ ಅಂತ ನೋಡಿ ಬರಬೇಕು.