ಹಂಚಿಕೊಂಡ ನೆಟ್‌ವರ್ಕಿನಲ್ಲಿ ಮಂಬಲ್ ಸರ್ವರ್ ಎಲ್ಲಿಡಬೇಕು? ನನ್ನ ಅನುಭವ

ಗುಂಪಾಗಿ ಮಾತಾಡಲು ಬಳಸುವ ಧ್ವನಿ ತಂತ್ರಾಂಶ ಮಂಬಲ್‌ನ ಸರ್ವರ್ ಬಾಡಿಗೆಯ ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಸಿಗುವ ವರ್ಚುವಲ್ ಕಂಪ್ಯೂಟರ್) ಮೇಲೇ ಇರಬೇಕು, ಹತ್ತಾರು ಜನ ಹಂಚಿಕೊಂಡ ನೆಟ್‌ವರ್ಕಿನೊಳಗೆ ಇಟ್ಟರೆ ಮಾತು ಕಡಿದು ಕಡಿದು ಬರುತ್ತದೆ ಎಂದವರೇ ಹೆಚ್ಚು. ನನ್ನ ಸರ್ವರ್ ಮಾತ್ರ ಈಗ ಒಳಗೇ ಇದೆ. ಸಂಜೆಯ ದಟ್ಟಣೆಯಲ್ಲೂ ಕೇಬಲ್ ಮೇಲಿರುವವರ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) ಎರಡು ಮಿಲಿಸೆಕೆಂಡ್ ದಾಟುವುದಿಲ್ಲ.

ಧ್ವನಿ ಕುಗ್ಗಿಸುವ ಓಪಸ್ ಕೊಡೆಕ್‌ಗೆ ಸೆಕೆಂಡಿಗೆ 40 ಕಿಲೋಬಿಟ್, 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್: ಐಪಿ, ಯುಡಿಪಿ (ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳಿಸದ ಸಾಗಣೆ ವಿಧಾನ) ಹೆಡರ್‌ಗೇ 11 ಕಿಲೋಬಿಟ್ ಹೋಗುತ್ತದೆ. ಮಂಬಲ್‌ನ ಸ್ವಂತ ಗುರುತುಗಳೂ ಸೇರಿ ಒಬ್ಬರ ಮಾತಿಗೆ ಸುಮಾರು 54 ಎಂದಿಟ್ಟುಕೊಳ್ಳಿ. ಸರ್ವರ್ ಹೊರಗಿದ್ದು ಹನ್ನೆರಡು ಜನ ಒಂದೇ ಲೈನಿನಲ್ಲಿದ್ದರೆ, ಒಬ್ಬರ ಮಾತು ಒಮ್ಮೆ ಹೊರಗೆ ಹೋಗಿ ಹನ್ನೊಂದು ಪ್ರತಿಯಾಗಿ ಅದೇ ಲೈನಿನಲ್ಲಿ ಒಳಗೆ ಬರುತ್ತದೆ. 600 ಕಿಲೋಬಿಟ್ ದೊಡ್ಡದೇನಲ್ಲ. ತೊಂದರೆ ರೂಟರಿನಲ್ಲಿ ಪ್ಯಾಕೆಟ್ ಸಾಲುಗಟ್ಟುವ ಬಫರಿನದು: ಯಾರೋ ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿದರೆ ಪಿಂಗ್ 300-400ಕ್ಕೆ ಹಾರುತ್ತದೆ, ಪಕ್ಕದ ಕೋಣೆಯ ಮಾತೂ ಆ ಸಾಲಿನಲ್ಲೇ ಕಾಯಬೇಕು. ಇಷ್ಟಕ್ಕೆ ತಿಂಗಳು ತಿಂಗಳು ಬಾಡಿಗೆ ಬೇರೆ!

ವೈಫೈ ಲ್ಯಾಪ್‌ಟಾಪ್ ಮೇಲೆ ಇಡುವುದು ದಂಡ. ವೈಫೈ ಕೇಳುಗರಿಗೆ ಹೋಗುವ ಒಂದೊಂದು ಪ್ರತಿಯೂ ಗಾಳಿಯಲ್ಲಿ ಎರಡು ಸಲ ಸಾಗುತ್ತದೆ. ಕ್ಲೈಂಟ್ ಐಸೋಲೇಶನ್ (ವೈಫೈ ಸಾಧನಗಳು ಪರಸ್ಪರ ಮಾತಾಡದಂತೆ ತಡೆಯುವುದು) ಆನ್ ಇದ್ದರೆ ಸಂಪರ್ಕವೇ ಆಗದು. ನಾನು ಕೊನೆಗೆ ಗೇಟ್‌ವೇ (ಇಂಟರ್ನೆಟ್ಟಿಗೆ ಹೊರಡುವ ರೂಟರ್) ಪಕ್ಕದ ಮುಖ್ಯ ಸ್ವಿಚ್‌ಗೆ ಹಳೆಯ ರಾಸ್ಪ್‌ಬೆರಿ ಪೈ 3 (ಪುಟ್ಟ ಒಂಟಿ ಬೋರ್ಡಿನ ಕಂಪ್ಯೂಟರ್) ಕಟ್ಟಿದೆ. ಅದರ 100 ಮೆಗಾಬಿಟ್ ಪೋರ್ಟ್ ಧಾರಾಳ ಸಾಕು. ನಾಲ್ಕೈದು ತಿಂಗಳ ವಿಪಿಎಸ್ ಬಾಡಿಗೆಯಲ್ಲಿ ಬೋರ್ಡಿನ ದುಡ್ಡು ಹುಟ್ಟಿತು; ಕರೆಂಟು ನಾಲ್ಕೈದು ವ್ಯಾಟ್ ಅಷ್ಟೇ. ಲಾಗ್ ಮಾತ್ರ ರ‍್ಯಾಮ್‌ನಲ್ಲಿಡಿ, ಎಸ್‌ಡಿ ಕಾರ್ಡ್ ಬಾಳುತ್ತದೆ.

ಜಾಗ ಆರಿಸಲು ಸ್ಪೀಡ್ ಟೆಸ್ಟ್ ನಂಬಬೇಡಿ. ದಟ್ಟಣೆಯ ಹೊತ್ತಿನಲ್ಲೇ ನೆಟ್‌ವರ್ಕ್ ಅಳೆಯುವ ಐಪರ್ಫ್3 ಅನ್ನು ಯುಡಿಪಿಯಲ್ಲಿ, 105 ಬೈಟ್, 42 ಕಿಲೋಬಿಟ್ ಇಟ್ಟು ಓಡಿಸಿ; ಸೆಕೆಂಡಿಗೆ ಸರಿಯಾಗಿ 50 ಪ್ಯಾಕೆಟ್, ಥೇಟ್ ಮಾತಿನ ಹಾಗೆ. ಆಮೇಲೆ ರಿವರ್ಸ್‌ನಲ್ಲಿ, ಅಂದರೆ ಸರ್ವರ್ ಕಡೆಯಿಂದ, ಹನ್ನೊಂದು ಸ್ಟ್ರೀಮ್. ಜಿಟರ್ (ಪ್ಯಾಕೆಟ್ ಬರುವ ಸಮಯದ ಏರಿಳಿತ) 10 ಮಿಲಿಸೆಕೆಂಡ್ ಮೀರಿದ ಜಾಗ ನನಗೆ ಬೇಡ.

ವೈಫೈ ಗಿಜಿಗುಡುವಲ್ಲಿ ಪ್ಯಾಕೆಟ್ಟಿಗೆ 40 ಮಿಲಿಸೆಕೆಂಡ್ ಧ್ವನಿ ತುಂಬಿಸಿಯೂ ನೋಡಿದೆ. ಪ್ಯಾಕೆಟ್ ಸಂಖ್ಯೆ ಅರ್ಧಕ್ಕಿಳಿಯುತ್ತದೆ, ತಡ ಇಪ್ಪತ್ತೇ ಹೆಚ್ಚು, ಮಾತು ಮಾತ್ರ ಎಷ್ಟೋ ಸ್ವಚ್ಛ. ಬಿಟ್‌ರೇಟ್ ಇಳಿಸಿದ್ದಕ್ಕಿಂತ ಇದೇ ಫಲ ಕೊಟ್ಟಿತು, ಏಕೆಂದರೆ ವೈಫೈಯಲ್ಲಿ ದುಬಾರಿಯಾಗುವುದು ಬಿಟ್ಟಲ್ಲ, ಪ್ರತಿ ಪ್ಯಾಕೆಟ್ಟಿಗೂ ಸರದಿ ಕಾಯುವುದು.

ಹೊರಗಿನವರಿಗೆ ಮಂಬಲ್‌ನ ಪೋರ್ಟ್ 64738 ಅನ್ನು ಟಿಸಿಪಿ (ಕಳೆದದ್ದನ್ನು ಮತ್ತೆ ತರಿಸಿ ಕ್ರಮವಾಗಿ ಕೊಡುವ ವಿಧಾನ), ಯುಡಿಪಿ ಎರಡಕ್ಕೂ ತೆರೆಯಿರಿ. ಟಿಸಿಪಿ ಒಂದನ್ನೇ ತೆರೆದರೂ ಧ್ವನಿ ಕೇಳಿಸುತ್ತದೆ, ಅದೇ ಮೋಸ: ಒಂದು ಪ್ಯಾಕೆಟ್ ಕಳೆದರೆ ಅದರ ನಂತರ ಬರಬೇಕಾದದ್ದೆಲ್ಲ ನಿಂತು, ಮಾತು ಗುಂಪುಗುಂಪಾಗಿ ಸುರಿಯುತ್ತದೆ. ರೂಟರಿನ ಹೊರ ವಿಳಾಸ 100.64ರಿಂದ 100.127ರೊಳಗಿದ್ದರೆ ಅದು ಸಿಜಿನ್ಯಾಟ್ (ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಏರ್ಪಾಡು), ಪೋರ್ಟ್ ಫಾರ್ವರ್ಡ್ ವ್ಯರ್ಥ. ಐಪಿವಿ6 ಇಲ್ಲದಿದ್ದರೆ ಅತಿ ಅಗ್ಗದ ವಿಪಿಎಸ್‌ಗೆ ವೈರ್‌ಗಾರ್ಡ್ (ವಿಪಿಎನ್) ಕೊಳವೆ ಹಾಕಿ, ಹೊರಗಿನವರು ಮಾತ್ರ ಅದರಲ್ಲಿ ಬರಲಿ. ಒಳಗಿನವರಿಗೆ ಅದೇ ಹೆಸರು ಲೋಕಲ್ ಐಪಿ ವಿಳಾಸವನ್ನೇ ಕೊಡುವಂತೆ ರೂಟರಿನ ಹೆಸರು ಹುಡುಕುವ ತಂತ್ರಾಂಶ ಡಿಎನ್ಎಸ್‌ಮಾಸ್ಕ್‌ನಲ್ಲಿ ಒಂದು ಸಾಲು ಸಾಕು. ಹೆಸರು ಒಂದೇ ಆದ್ದರಿಂದ ಸರ್ಟಿಫಿಕೇಟ್ (ಸರ್ವರಿನ ಗುರುತುಪತ್ರ) ತಕರಾರೂ ಇಲ್ಲ.

ಗೇಟ್‌ವೇಯಲ್ಲಿ ಕೇಕ್ (ಪ್ಯಾಕೆಟ್ ಸಾಲು ಬೆಳೆಯದಂತೆ ನೋಡಿಕೊಳ್ಳುವ ನಿಯಂತ್ರಕ) ಹಾಕಿ, ಅಳೆದ ಅಪ್‌ಲೋಡಿನ 85-90 ಶೇಕಡಾಕ್ಕೆ ಕಟ್ಟಿ. ಮಾತಿನ ಪ್ಯಾಕೆಟ್‌ಗಳಿಗೆ ನಾನು ಹಾಕಿರುವ ಆದ್ಯತೆಯ ಗುರುತಿನ ನಿಯಮ ಸದ್ಯಕ್ಕೆ ನನ್ನಲ್ಲೇ ಇರಲಿ. ಅದಿಲ್ಲದೆಯೂ ಮುಕ್ಕಾಲು ಪಾಲು ಲಾಭ ಸಿಗುತ್ತದೆ.