ಕತ್ತರಿಸಿದ ಕಾಲುಗಳ ಲೆಕ್ಕದ ಪುಸ್ತಕ

ಎಂ.ಎಸ್. ಮುಗಿದ ಮೇಲೆ ಇನ್ನೂ ಮೂರು ವರ್ಷ ರಕ್ತನಾಳ ಶಸ್ತ್ರಚಿಕಿತ್ಸೆಯ ಎಂ.ಸಿಎಚ್. ಓದುತ್ತೇನೆಂದಾಗ ನಮ್ಮ ತಂದೆಯವರು, "ಹಾಗಾದ್ರೆ ಹಾರ್ಟ್ ಡಾಕ್ಟರ್ ಆಗ್ತೀಯ?" ಎಂದು ಕೇಳಿದ್ದರು. ಹೃದಯವನ್ನು ಬಿಟ್ಟು ಕತ್ತು, ಹೊಟ್ಟೆ, ಕೈಕಾಲುಗಳ ರಕ್ತನಾಳಗಳನ್ನು ನೋಡಿಕೊಳ್ಳುವ ಕೆಲಸವೆಂದು ವಿವರಿಸಿದೆ. ಅವರಿಗೆ ಅದು ಅಷ್ಟಾಗಿ ರುಚಿಸಿದಂತೆ ಕಾಣಲಿಲ್ಲ.

ತರಬೇತಿಯ ಮೊದಲ ವರ್ಷವೆಲ್ಲ ನನ್ನ ಪಾಲಿಗೆ ಬಂದದ್ದು ತೊಡೆಯಿಂದ ಅಭಿಧಮನಿಯನ್ನು ಬಿಡಿಸಿ ತೆಗೆಯುವ ಕೆಲಸ. ಮುಚ್ಚಿಹೋದ ಅಪಧಮನಿಯನ್ನು ಬದಿಗಿಟ್ಟು ರಕ್ತಕ್ಕೆ ಹೊಸ ದಾರಿ ಮಾಡಿಕೊಡುವ ಬೈಪಾಸಿಗೆ ಬಳಸುವ ಆ ನಾಳದೊಳಗಿನ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವುದರಿಂದ, ಸಾಮಾನ್ಯವಾಗಿ ಅದನ್ನು ತಲೆಕೆಳಗು ಮಾಡಿ ಅಪಧಮನಿಗೆ ಜೋಡಿಸುತ್ತೇವೆ. ಸೋರಿಕೆ ನೋಡಲೆಂದು ಸಿರಿಂಜಿನಿಂದ ತುಸು ಜೋರಾಗಿ ಉಬ್ಬಿಸಿದರೂ ಒಳಪದರ ಹಾಳಾಗಿ, ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಮುಂದೆ ಬೈಪಾಸ್ ಮುಚ್ಚಿಹೋಗಬಹುದು. ಇದು ಕಿರಿಯರಿಗೆ ಬಿಡುವ ಕೂಲಿಕೆಲಸವೆಂದು ಆಗ ನಾನು ಒಳಗೊಳಗೇ ಸಿಟ್ಟಾಗಿದ್ದೆ. ನಾವು ಕೂದಲೆಳೆಯಂಥ 6-0 ದಾರದಲ್ಲಿ ಹಾಕುವ ಹೊಲಿಗೆಯ ಮೂಲಪುರುಷ, 1912ರಲ್ಲಿ ನೊಬೆಲ್ ಪಡೆದ ಫ್ರೆಂಚ್ ಸರ್ಜನ್ ಅಲೆಕ್ಸಿ ಕ್ಯಾರೆಲ್, ಲಿಯೋನ್ ಊರಿನ ಕಸೂತಿ ಹೆಂಗಸೊಬ್ಬರ ಹತ್ತಿರ ಸೂಜಿ ಹಿಡಿಯುವುದನ್ನು ಕಲಿತವನು ಎಂದು ಗೊತ್ತಾದ ಮೇಲೆ ಆ ಸಿಟ್ಟು ಇಳಿಯಿತು.

ವೈದ್ಯಕೀಯ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕನಾಗಿ ಸೇರಿದಾಗ ಸಂಶೋಧನೆ ಮಾಡಬೇಕೆಂಬ ಹಂಬಲವೇನೋ ಇತ್ತು. ಪ್ರಯೋಗಾಲಯವಾಗಲಿ, ಅನುದಾನವಾಗಲಿ ಇರಲಿಲ್ಲ. ಕಾಲು ಕತ್ತರಿಸಬೇಕಾಗಿ ಬಂದ ದಿನ ರಾತ್ರಿ ನಿದ್ದೆ ಬಾರದೆ, ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಆ ರೋಗಿಯ ಕಥೆಯನ್ನು ಗೆರೆ ಹಾಕಿ ಬರೆಯತೊಡಗಿದೆ: ನೋವು ಮೊದಲು ಕಂಡದ್ದು ಯಾವಾಗ, ಮೊದಲು ತೋರಿಸಿದ್ದು ಯಾರಿಗೆ, ಬೀಡಿ ಎಷ್ಟು, ಸಕ್ಕರೆ ಎಷ್ಟು ವರ್ಷದಿಂದ, ಪಾದದ ನಾಡಿಯನ್ನು ಮೊತ್ತಮೊದಲು ಮುಟ್ಟಿ ನೋಡಿದ್ದು ಯಾವ ದಿನ. ಪುಟಗಳು ತುಂಬುತ್ತ ಹೋದಂತೆ ಈ ಕೊನೆಯ ಕಲಮಿನಲ್ಲಿ ಮತ್ತೆ ಮತ್ತೆ ಬಂದು ಕೂತದ್ದು ನಮ್ಮ ವಾರ್ಡಿಗೆ ದಾಖಲಾದ ದಿನಾಂಕವೇ. ಅಷ್ಟರೊಳಗೆ ಅವರಲ್ಲಿ ಹಲವರು ನಡೆದಾಗ ಮೀನಖಂಡ ಹಿಡಿದುಕೊಳ್ಳುತ್ತದೆಂದು ಹೇಳಿ ಸಯಾಟಿಕಾದ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವಿನ, ಮಾತ್ರೆ ನುಂಗಿದ್ದರು. ಹೆಬ್ಬೆರಳ ಹುಣ್ಣಿಗೆ ವಾರಗಟ್ಟಲೆ ಡ್ರೆಸಿಂಗ್ ಮಾಡಿಸಿಕೊಂಡಿದ್ದರು.

ಆ ಪುಸ್ತಕವೇ ನನ್ನ ಸಂಶೋಧನೆಯಾಯಿತು. ಆದರೆ ಮೊದಲ ಲೇಖನ ತಿರಸ್ಕೃತವಾಯಿತು, ಮತ್ತು ತಪ್ಪು ಪೂರ್ತಿಯಾಗಿ ನನ್ನದೇ. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ ಬರುವ ಸಂಖ್ಯೆ 0.9ಕ್ಕಿಂತ ಕಡಿಮೆಯಿದ್ದರೆ ಕಾಲಿಗೆ ರಕ್ತ ಸಾಲದೆಂದು ಲೆಕ್ಕ. ಸಂಖ್ಯೆ 1.4 ದಾಟಿದವರನ್ನೆಲ್ಲ ನಾನು ಆರೋಗ್ಯವಂತರ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿದ್ದವರ ಅಪಧಮನಿಯ ಗೋಡೆಗೆ ಸುಣ್ಣ ಕಟ್ಟಿ ಕೊಳವೆಯಂತೆ ಗಡುಸಾಗುವುದರಿಂದ ಒತ್ತಡ ಅಳೆಯಲು ಸುತ್ತುವ ಪಟ್ಟಿಯ ಗಾಳಿಗೆ ಅದು ಬಗ್ಗುವುದಿಲ್ಲ, ಒತ್ತಡ ಸುಳ್ಳಾಗಿ ಹೆಚ್ಚು ತೋರುತ್ತದೆ. ಅಂಥವರಲ್ಲಿ ಸುಣ್ಣ ಅಷ್ಟಾಗಿ ಕಟ್ಟದ ಕಾಲ್ಬೆರಳಿನ ಒತ್ತಡವನ್ನು ಅಳೆಯಬೇಕು. ಪಾಠ ಹೇಳುವಾಗ ಇದನ್ನು ಪ್ರತಿ ವರ್ಷ ಬಾಯಿತುಂಬ ಹೇಳುತ್ತಿದ್ದವನೇ ಲೆಕ್ಕ ಬರೆಯುವಾಗ ಮರೆತಿದ್ದೆ. ಬೆರಳಿಗೆ ಸುತ್ತುವ ಚಿಕ್ಕ ಪಟ್ಟಿ ತರಿಸಿ, ಸಿಕ್ಕವರನ್ನೆಲ್ಲ ಮತ್ತೆ ಕರೆಸಿ ಅಳೆಯುವುದರಲ್ಲಿ ಒಂದೂವರೆ ವರ್ಷ ಹೋಯಿತು.

ಕರೆಸುವುದೂ ಸುಲಭವಾಗಿರಲಿಲ್ಲ. ಕೊಟ್ಟ ಫೋನ್ ನಂಬರು ಆರು ತಿಂಗಳಿಗೆ ಬದಲಾಗಿರುತ್ತಿತ್ತು. ಊರಿನ ಕಿರಾಣಿ ಅಂಗಡಿಯವರ ನಂಬರನ್ನೂ ಬರೆದಿಟ್ಟುಕೊಳ್ಳುವುದನ್ನು ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು ಹೇಳಿಕೊಟ್ಟರು. ಯಾವ ಸಂಶೋಧನಾ ಕಾರ್ಯಾಗಾರದಲ್ಲೂ ನನಗೆ ಇಷ್ಟು ಉಪಯುಕ್ತವಾದ ಮಾತು ಸಿಕ್ಕಿಲ್ಲ.

ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದವರು ಬರ್ಗರ್ಸ್ ಕಾಯಿಲೆಯ ಹುಡುಗರು. ಮೂವತ್ತರ ಆಸುಪಾಸಿನವರು, ಬೀಡಿ ಬಿಡದವರು. ಇವರಲ್ಲಿ ಪಾದದ ಸಣ್ಣ ನಾಳಗಳೇ ಮುಚ್ಚಿಹೋಗಿರುವುದರಿಂದ ಬೈಪಾಸನ್ನು ಕೆಳಗೆ ತಂದು ಜೋಡಿಸಲು ಜಾಗವೇ ಸಿಗುವುದು ಅಪರೂಪ. ತಂಬಾಕನ್ನು ಪೂರ್ತಿ ಬಿಡುವುದೇ ಕಾಯಿಲೆಯನ್ನು ನಿಲ್ಲಿಸುವ ದಾರಿ. ಒಬ್ಬ ಲಾರಿ ಕ್ಲೀನರ್, "ಸಾರ್, ಆಪರೇಷನ್ ಮಾಡಿಬಿಡಿ, ಬೀಡಿ ಮಾತ್ರ ಕೇಳ್ಬೇಡಿ" ಎಂದು ಕೈಮುಗಿದಿದ್ದ. ಅವನ ಹೆಸರು ಪುಸ್ತಕದಲ್ಲಿ ಮೂರು ಕಡೆ ಇದೆ: ಬೆರಳು, ಪಾದ, ಮೊಣಕಾಲಿನ ಕೆಳಗೆ.

ಈ ನಡುವೆ ನಮ್ಮ ವಿದ್ಯೆಯೇ ಬದಲಾಯಿತು. 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋದಿ ಹೊಟ್ಟೆಯ ಮಹಾಪಧಮನಿಯ ಉಬ್ಬನ್ನು ತೊಡೆಸಂದಿನ ಮೂಲಕವೇ ಸರಿಪಡಿಸಿ ತೋರಿಸಿದ ಮೇಲೆ, ನಾಳದೊಳಗೆ ತೂರಿಸುವ ತಂತಿ ಮತ್ತು ಸ್ಟೆಂಟಿನ ಕೆಲಸ ಬಾರದವನು ಅರ್ಧ ಸರ್ಜನ್ ಎಂಬಂತಾಯಿತು. ನಲವತ್ತು ದಾಟಿದ ಮೇಲೆ ಎಕ್ಸ್-ರೇ ತಡೆಯುವ ಸೀಸದ ಏಪ್ರನ್ ತೊಟ್ಟು, ನನ್ನ ವಿದ್ಯಾರ್ಥಿಯಾಗಿದ್ದವರಿಂದಲೇ ತಂತಿ ತಿರುಗಿಸುವುದನ್ನು ಕಲಿತೆ. ನಾಚಿಕೆಯಾಗಲಿಲ್ಲ, ಬೆನ್ನು ಮಾತ್ರ ಬಹಳ ನೋಯುತ್ತಿತ್ತು.

ಪರೀಕ್ಷಕನಾಗಿ ಹೋದಾಗ ಈಗ ನಾನು ಕಾಲುಚೀಲ ಹಾಕಿದ ರೋಗಿಯನ್ನು ಕೊಡುತ್ತೇನೆ. ಒಂದು ಕಾಲಿನದನ್ನು ಮಾತ್ರ ತೆಗೆದು ನೋಡುವವರೇ ಹೆಚ್ಚು. ನನ್ನ ಲೆಕ್ಕದ ಪುಸ್ತಕವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಈಗ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ನಾಡಿಯ ಕಲಮನ್ನು ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯದಂತೆ ಅವರೇ ಮಾಡಿಕೊಂಡಿದ್ದಾರೆ.