ಹೆಡರ್ ಇಲ್ಲದ ಬೋರ್ಡ್‌ಗೆ ಪ್ರೋಗ್ರಾಂ ಹಾಕುವುದು: ಐದು ಪ್ಯಾಡ್, ಐದು ಪೋಗೋ ಪಿನ್

ಎಸ್‌ಟಿ ಕಂಪನಿಯ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಚಿಪ್‌ಗೆ ಪ್ರೋಗ್ರಾಂ ಹಾಕಲು, ಡೀಬಗ್ ಮಾಡಲು (ಕೋಡ್‌ನ ತಪ್ಪು ಹುಡುಕಲು) ಎಸ್‌ಡಬ್ಲ್ಯುಡಿ ಎಂಬ ಡೀಬಗ್ ಸಂಪರ್ಕದ ಎರಡು ಸಿಗ್ನಲ್ ಸಾಕು: ಎಸ್‌ಡಬ್ಲ್ಯುಡಿಐಒ (ಡೇಟಾ) ಮತ್ತು ಎಸ್‌ಡಬ್ಲ್ಯುಸಿಎಲ್‌ಕೆ (ಕ್ಲಾಕ್). ಈ ಕುಟುಂಬದ ಎಫ್103 ಚಿಪ್‌ನಲ್ಲಿ ಇವು ಪಿಎ13, ಪಿಎ14 ಪಿನ್‌ಗಳು. ಜೊತೆಗೆ ಗ್ರೌಂಡ್, 3.3 ವೋಲ್ಟ್, ರೀಸೆಟ್. ಇಷ್ಟಕ್ಕೆ ಹಳೆಯ ಜೆಟ್ಯಾಗ್ ಡೀಬಗ್ ಪದ್ಧತಿಯ 20 ಪಿನ್ನಿನ ಹೆಡರ್ (ಕೇಬಲ್ ಚುಚ್ಚುವ ಪಿನ್ ಸಾಲು) ಕೂರಿಸಿದರೆ ಜಾಗ ದಂಡ. ಮೊದಲ ಮಾದರಿ ಬೋರ್ಡ್‌ಗೆ ಮಾತ್ರ ನಾನು 1.27 ಮಿ.ಮೀ. ಅಂತರದ 10 ಪಿನ್ ಹೆಡರ್ ಹಾಕುತ್ತೇನೆ. ದಿನವಿಡೀ ಡೀಬಗ್ ಮಾಡುವಾಗ ಕೇಬಲ್ ತಾನಾಗಿ ನಿಲ್ಲಬೇಕಲ್ಲ. ಸುತ್ತ ಗೋಡೆ ಇರುವ ಹೆಡರನ್ನೇ ಕೊಳ್ಳಿ. ಬರೀ ಪಿನ್ ಸಾಲಾದರೆ ಉಲ್ಟಾ ಚುಚ್ಚುವುದು ಬಲು ಸುಲಭ.

ಐವತ್ತು, ನೂರು ಬೋರ್ಡ್ ಮಾಡಿಸುವಾಗ ಹೆಡರ್ ತೆಗೆದುಹಾಕಿ ಬರಿಯ ಪ್ಯಾಡ್ ಬಿಡುತ್ತೇನೆ. 1.5 ಮಿ.ಮೀ. ವ್ಯಾಸದ ಐದು ದುಂಡು ಪ್ಯಾಡ್, 2.54 ಮಿ.ಮೀ. ಅಂತರದಲ್ಲಿ, ಬೋರ್ಡ್‌ನ ಅಂಚಿಗೆ ಹತ್ತಿರ, ಒಂದೇ ಸಾಲಿನಲ್ಲಿ. ಈ ಅಂತರಕ್ಕೆ ಬಟ್ಟೆ ಕ್ಲಿಪ್ಪಿನಂತಹ ಪೋಗೋ ಕ್ಲಿಪ್ (ಒತ್ತಿದರೆ ಒಳಸರಿಯುವ ಸ್ಪ್ರಿಂಗ್ ಪಿನ್‌ಗಳಿರುವ ಕ್ಲಿಪ್) ಸಿದ್ಧವಾಗಿಯೇ ಸಿಗುತ್ತದೆ. ಕ್ರಮ ಹೀಗೆ: 3.3 ವೋಲ್ಟ್, ಡಿಐಒ, ಗ್ರೌಂಡ್, ಕ್ಲಾಕ್, ರೀಸೆಟ್. ಗ್ರೌಂಡ್ ನಡುವೆ ಇರುವುದು ಬೇಕೆಂದೇ. ಕ್ಲಿಪ್ಪನ್ನು ತಿರುಗಿಸಿ ಹಿಡಿದರೂ ಗ್ರೌಂಡ್ ಗ್ರೌಂಡಿಗೇ ಕೂಡುತ್ತದೆ, 3.3 ವೋಲ್ಟ್ ಹೋಗಿ ರೀಸೆಟ್ ಪಿನ್ ಮೇಲೆ ಕೂರುತ್ತದೆ. ಸಂಪರ್ಕ ಸಿಗುವುದಿಲ್ಲ ಅಷ್ಟೇ, ಶಾರ್ಟ್ ಆಗುವುದಿಲ್ಲ.

ಈ ಪ್ಯಾಡ್‌ಗಳ ಮೇಲೆ ಸೋಲ್ಡರ್ ಮಾಸ್ಕ್ (ತಾಮ್ರವನ್ನು ಮುಚ್ಚುವ ಬಣ್ಣದ ಲೇಪ) ತೆರೆದಿರಬೇಕು, ಬೋರ್ಡ್ ಫೈಲ್‌ನ ಪೇಸ್ಟ್ (ಬೆಸುಗೆ ಲೇಪ) ಪದರದಲ್ಲಿ ಮಾತ್ರ ಅವು ಇರಕೂಡದು. ಇದನ್ನು ಮರೆತರೆ ಪೇಸ್ಟ್ ಬಳಿಯುವ ತೂತಿನ ಹಾಳೆ, ಅಂದರೆ ಸ್ಟೆನ್ಸಿಲ್, ಅಲ್ಲಿಯೂ ಪೇಸ್ಟ್ ಬಿಡುತ್ತದೆ, ಬೆಸುಗೆ ಗುಬ್ಬಿಯಂತೆ ಉಬ್ಬುತ್ತದೆ, ಪಿನ್ ಜಾರುತ್ತದೆ. ಕೈಬೆಸುಗೆಯ ನಂತರ ಉಳಿಯುವ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಸುವ ಅಂಟು) ಇನ್ನೂ ಕೆಟ್ಟದ್ದು: ಕಣ್ಣಿಗೆ ಕಾಣದು, ಆದರೆ ಕರೆಂಟ್ ಹಾಯಲು ಬಿಡದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಅದ್ದಿ ಉಜ್ಜಿ. ಚಪ್ಪಟೆ ಪ್ಯಾಡ್‌ಗೆ ಚೂಪು ಮೂತಿಯ ಪಿನ್ನೇ ಸರಿ.

ಕ್ಲಿಪ್ ಸಾಲದಾದರೆ ಫಿಕ್ಸ್ಚರ್ (ಬೋರ್ಡ್ ಒತ್ತಿ ಹಿಡಿಯುವ, ಪಿನ್ ನೆಟ್ಟ ಚೌಕಟ್ಟು) ಮಾಡಿಕೊಳ್ಳಿ. ಪ್ಯಾಡ್‌ಗಳ ಸ್ಥಾನವನ್ನು ಬೋರ್ಡ್ ಫೈಲ್‌ನಿಂದಲೇ ನಕಲು ಮಾಡಿ, ಅಲ್ಲಿ 1.1 ಮಿ.ಮೀ. ತೂತಿರುವ ಎರಡು ತಟ್ಟೆಗಳನ್ನು ಪಿಸಿಬಿಯಾಗಿಯೇ ಮಾಡಿಸಿ. ಪಿ75 ಎಂಬ ಅಳತೆಯ ಪೋಗೋ ಪಿನ್ನಿನ ವ್ಯಾಸ 1.02 ಮಿ.ಮೀ. ಎರಡೂ ತಟ್ಟೆಗಳ ನಡುವೆ ಎಂ3 ಸ್ಪೇಸರ್ ಕೊಟ್ಟರೆ ಪಿನ್‌ಗಳು ನೆಟ್ಟಗೆ ನಿಲ್ಲುತ್ತವೆ. ಒಂದೇ ತಟ್ಟೆಯಾದರೆ ಬೆಸುಗೆ ಹಾಕುವಾಗಲೇ ವಾಲುತ್ತವೆ. ಸ್ಪ್ರಿಂಗ್‌ನ ಓಟದಲ್ಲಿ ಮೂರರಲ್ಲಿ ಎರಡು ಪಾಲು ಒತ್ತಿದರೆ ಸಾಕು, ತಳ ಮುಟ್ಟುವ ತನಕ ಒತ್ತಬೇಡಿ.

ಇನ್ನು ಪ್ರೋಗ್ರಾಮರ್, ಅಂದರೆ ಕಂಪ್ಯೂಟರ್ ಮತ್ತು ಬೋರ್ಡ್ ನಡುವೆ ಕೂರುವ ಸಾಧನ. ಎಸ್‌ಟಿಯ ಅಸಲಿ ಎಸ್‌ಟಿ-ಲಿಂಕ್ ವಿ2ನಲ್ಲಿ ವೋಲ್ಟೇಜ್ ಪಿನ್ ಬೋರ್ಡ್‌ನ ವೋಲ್ಟೇಜನ್ನು ಅಳೆಯುತ್ತದೆ, ಕರೆಂಟ್ ಕೊಡುವುದಿಲ್ಲ. ಪೆನ್‌ಡ್ರೈವ್ ಆಕಾರದ ಅಗ್ಗದ ನಕಲಿನಲ್ಲಿ 3.3 ವೋಲ್ಟ್ ಹೊರಗೆ ಬರುತ್ತದೆ. ಬೋರ್ಡ್‌ಗೆ ತನ್ನದೇ ಸಪ್ಲೈ ಇದ್ದರೆ ಆ ತಂತಿಯನ್ನು ಕೂಡಿಸಬೇಡಿ. ಗ್ರೌಂಡ್ ಮಾತ್ರ ಬಿಡುವಂತಿಲ್ಲ. ತಂತಿ 15–20 ಸೆಂ.ಮೀ. ಮೀರಿದರೆ ಕ್ಲಾಕ್‌ಗೆ ಗ್ರೌಂಡ್ ತಂತಿ ಹೆಣೆದು, ವೇಗವನ್ನು 4 ಮೆಗಾಹರ್ಟ್ಸ್‌ನಿಂದ 480 ಕಿಲೋಹರ್ಟ್ಸ್‌ಗೆ ಇಳಿಸಿ ನೋಡಿ. ಆಗಾಗ ಕಡಿದುಹೋಗುವ ಸಂಪರ್ಕ ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

'ಮೊದಲ ಸಲ ಪ್ರೋಗ್ರಾಂ ಹೋಯಿತು, ಎರಡನೇ ಸಲ ಚಿಪ್ಪೇ ಕಾಣುತ್ತಿಲ್ಲ' ಅನ್ನುವ ದೂರಿಗೆ ತಂತಿಯನ್ನು ಬೈಯುವ ಮೊದಲು ಕೋಡ್ ನೋಡಿ. ಎಸ್‌ಟಿಯ ಕೋಡ್ ಬರೆದುಕೊಡುವ ತಂತ್ರಾಂಶ ಕ್ಯೂಬ್‌ಎಂಎಕ್ಸ್‌ನಲ್ಲಿ ಸಿಸ್ ವಿಭಾಗದ ಡೀಬಗ್ ಆಯ್ಕೆಯನ್ನು 'ಸೀರಿಯಲ್ ವೈರ್' ಎಂದು ಬದಲಾಯಿಸದಿದ್ದರೆ, ಎಫ್1 ಚಿಪ್‌ಗೆ ಅದು ಬರೆದುಕೊಡುವ ಕೋಡ್ ಶುರುವಿನಲ್ಲೇ ಡೀಬಗ್ ಪಿನ್‌ಗಳನ್ನು ಮುಚ್ಚಿಬಿಡುತ್ತದೆ. ರೀಸೆಟ್ ಪ್ಯಾಡ್ ಬೇಕು ಅನ್ನುವುದು ಇದಕ್ಕೇ: ಚಿಪ್‌ಗೆ ಪ್ರೋಗ್ರಾಂ ಹಾಕುವ ತಂತ್ರಾಂಶ ಕ್ಯೂಬ್‌ಪ್ರೋಗ್ರಾಮರ್‌ನಲ್ಲಿ 'ಅಂಡರ್ ರೀಸೆಟ್' ಆರಿಸಿದರೆ ಆ ಕೋಡ್ ಓಡುವ ಮೊದಲೇ ಚಿಪ್ ಕೈಗೆ ಸಿಗುತ್ತದೆ. ನಕಲಿ ಡಾಂಗಲ್‌ಗಳಲ್ಲಿ ಹಲವಕ್ಕೆ ರೀಸೆಟ್ ಪಿನ್ ಇದ್ದರೂ ಎಸ್‌ಡಬ್ಲ್ಯುಡಿಯಲ್ಲಿ ಅದು ಕೆಲಸ ಮಾಡದು. ಆಗ ರೀಸೆಟ್ಟನ್ನು ಕೈಯಲ್ಲೇ ಗ್ರೌಂಡಿಗೆ ಹಿಡಿದು, ಕನೆಕ್ಟ್ ಒತ್ತಿದ ಕೂಡಲೇ ಬಿಡಬೇಕು. ನಾಲ್ಕೈದು ಸಲ ಪ್ರಯತ್ನಿಸಬೇಕಾದೀತು. ಅದಕ್ಕಿಂತ ಚಿಪ್ ಎಲ್ಲಿಂದ ಶುರುವಾಗಬೇಕೆಂದು ತಿಳಿಸುವ ಬೂಟ್0 ಪಿನ್‌ಗೆ ಒಂದು ಆರನೇ ಪ್ಯಾಡ್ ಕೊಡುವುದು ಮೇಲು: 10 ಕಿಲೋ ಓಮ್‌ನಿಂದ ಗ್ರೌಂಡಿಗೆ ಎಳೆದಿರಲಿ, ಬೇಕಾದಾಗ 3.3 ವೋಲ್ಟ್‌ಗೆ ಮುಟ್ಟಿಸಿ ಪವರ್ ಕೊಡಿ. ಬೂಟ್1 ಪಿನ್ ಗ್ರೌಂಡ್ ಮಟ್ಟದಲ್ಲಿದ್ದರೆ ಚಿಪ್ ತನ್ನೊಳಗಿನ ಬೂಟ್‌ಲೋಡರ್‌ಗೆ ಹೋಗುತ್ತದೆ, ನಿಮ್ಮ ಕೋಡ್ ಓಡುವುದೇ ಇಲ್ಲ, ಎಸ್‌ಡಬ್ಲ್ಯುಡಿ ತೆರೆದಿರುತ್ತದೆ.